ನಾಲ್ಕನೇ ಜ್ವರ

ಹಾಸನದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಮಾತಾಡುತ್ತಾ ಮಾತಾಡುತ್ತಾ ಸುಮ್ಮನಾದರು. ಯಾವ ಊರು, ಎಲ್ಲಿ ಕೆಲಸ ಅಂತೆಲ್ಲ ವಿಚಾರಿಸುತ್ತಿದ್ದವರು ಹೊಟ್ಟೆಯ ಒಂದೇ ಜಾಗದಲ್ಲಿ ಒತ್ತಿ ಹಿಡಿದು, ಪರದೆಯನ್ನು ತಮ್ಮ ಕಡೆಗೆ ಸ್ವಲ್ಪ ತಿರುಗಿಸಿಕೊಂಡರು. ನನಗೆ ಅಷ್ಟು ಸಾಕಾಯಿತು. ಹಾಗೆ ಪರದೆ ತಿರುಗಿದ್ದನ್ನು ನಾನು ಹಿಂದಿನ ವರ್ಷವೂ ನೋಡಿದ್ದೆ.

"ಹೊರಗಡೆ ಯಾರಿದಾರೆ ನಿಮ್ಮ ಜೊತೆ?" ಎಂದರು.

"ನಮ್ಮ ಯಜಮಾನ್ರು."

"ಕರೀಲಾ?"

"ಕರೀರಿ," ಎಂದೆ. ದನಿ ಸರಿಯಾಗಿಯೇ ಬಂತು.

ಅವರು ಬಂದು ಬಾಗಿಲ ಹತ್ತಿರವೇ ನಿಂತರು. ಕಾಲಲ್ಲಿ ಅರಕಲಗೂಡಿನ ಯಾವುದೋ ಹೊಲದ ಕೆಂಪು ಮಣ್ಣು ಇನ್ನೂ ಇತ್ತು. ಅವರು ಅಲ್ಲಿ ಸರ್ವೇಯರ್. ಬೆಳಿಗ್ಗೆ ಒಂದು ಅಳತೆ ಮುಗಿಸಿ ನೇರ ಆಸ್ಪತ್ರೆಗೆ ಬಂದಿದ್ದರು. ಹಾರ್ಟ್‌ಬೀಟ್ ಇಲ್ಲ, ಬೆಳವಣಿಗೆ ನಿಂತು ಒಂದು ವಾರದ ಮೇಲೇ ಆಗಿರಬೇಕು ಎಂದು ಡಾಕ್ಟರಮ್ಮ ಹೇಳಿದರು. ನಾನು ಆ ವಾರವಿಡೀ ತಿಂದ ಮಾತ್ರೆಗಳನ್ನು ನೆನೆಸಿಕೊಂಡೆ. ಬೇರೇನೂ ನೆನಪಾಗಲಿಲ್ಲ. ಟಿಶ್ಯೂ ಪೇಪರ್ ಕೊಟ್ಟರು, ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡು ಎದ್ದೆ. ಸೀರೆಯ ನೆರಿಗೆ ಸರಿ ಮಾಡಿಕೊಂಡೆ.

ಮರುದಿನ ಕ್ಲೀನ್ ಮಾಡಿದರು. ಎರಡನೆಯ ಸಲ ಆದ್ದರಿಂದ ಕಾರಣ ಗೊತ್ತಾಗಲಿ ಎಂದು ಒಂದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರಲು ಸಮಯ ಬೇಕು ಎಂದರು. ನಾನು ಹೊಳೆನರಸೀಪುರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಅವರು ಏನನ್ನು ಕಳಿಸಿದರು, ಅಲ್ಲಿ ಅದನ್ನು ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಜೀವಕೋಶಗಳನ್ನು ಬೆಳೆಸಿ, ಅವು ಎರಡಾಗಲು ಹೊರಟ ಹೊತ್ತಿನಲ್ಲಿ ತಡೆದು ನಿಲ್ಲಿಸಿ, ವರ್ಣತಂತುಗಳನ್ನು ಜೋಡಿ ಜೋಡಿಯಾಗಿ ನೋಡುತ್ತಾರೆ. ವಿಭಜನೆಯ ನಟ್ಟನಡುವೆಯೇ ಅವು ಚೆನ್ನಾಗಿ ಕಾಣುವುದು. ಇದನ್ನು ನಾನು ಪ್ರತಿವರ್ಷ ಪಾಠದಲ್ಲಿ ಹೇಳುತ್ತೇನೆ.

ಕಾಲೇಜಿಗೆ ರಜೆ ಹಾಕಿದೆ. ಹೊಳೆನರಸೀಪುರದ ಬಾಡಿಗೆ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರಬೇಕಾಗುತ್ತದೆ ಎಂದು ಯಜಮಾನರಿಗೆ ಚಿಂತೆಯಾಯಿತು. ಅವ್ವ ಬಂದಿರಲು ಸಾಧ್ಯವಿರಲಿಲ್ಲ. ನಮ್ಮದು ನುಗ್ಗೇಹಳ್ಳಿ ಪಕ್ಕದ ಹಳ್ಳಿ. ಅಪ್ಪ ಅವ್ವ ಅಲ್ಲಿ ರೇಷ್ಮೆ ಹುಳ ಸಾಕುತ್ತಾರೆ, ಆ ವಾರವೇ ಹೊಸ ಹುಳ ಇಳಿಸಿದ್ದರು. ಹುಳ ಇಳಿಸಿದ ಮೇಲೆ ಮನೆಯವರು ಎಲ್ಲಿಗೂ ಹೋಗುವ ಹಾಗಿಲ್ಲ, ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು.

"ನೀನೇ ಬಂದ್ಬುಡು ಮಗ," ಎಂದಳು ಅವ್ವ ಫೋನಿನಲ್ಲಿ. "ಇಲ್ ಬಿದ್ಕಂಡಿರೀವಂತೆ."

ಅವರು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆಂದರು. ಆದರೆ ಬೈಕ್ ಬೇಡ ಎಂದಿದ್ದರು ಡಾಕ್ಟರು. ಚನ್ನರಾಯಪಟ್ಟಣದವರೆಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಕಿಟಕಿ ಪಕ್ಕ ಕೂತಿದ್ದೆ. ಅವರು ದಾರಿಯುದ್ದಕ್ಕೂ ನನ್ನ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕೊಡಿಸಿದರು. ನಾನು ಕುಡಿದು ಬುರುಡೆಯನ್ನು ಅವರ ಕೈಗೆ ಕೊಟ್ಟೆ. ಅದನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ಅವರು ಬಸ್ ಬರುವವರೆಗೂ ಕೈಯಲ್ಲೇ ಹಿಡಿದು ನಿಂತಿದ್ದರು.

ಊರಿನಲ್ಲಿ ಮೊದಲ ದಿನಗಳು ಹೇಗೆ ಹೋದವೆಂದು ಹೇಳಲು ಬರುವುದಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ. ಬಿಸಿ ಬಿಸಿ ಮುದ್ದೆ ತಿನ್ನಿಸುತ್ತಿದ್ದಳು ಅವ್ವ. ಬಾಣಂತಿಗೆ ಮಾಡುವ ಹಾಗೆ ಮೆಣಸಿನ ಸಾರು ಮಾಡಿದಳು, ತಲೆಗೆ ಎಣ್ಣೆ ಹಚ್ಚಿದಳು, ಸೊಂಟಕ್ಕೆ ಬಟ್ಟೆ ಕಟ್ಟಿದಳು. ಕೂಸಿಲ್ಲದ ಬಾಣಂತನ ಅದು. ಯಾರೂ ಆ ಮಾತು ಆಡಲಿಲ್ಲ. ಅಪ್ಪ ಬೆಳಿಗ್ಗೆ ಸೊಪ್ಪು ಕೊಯ್ದು ಮೊಪೆಡ್ ಮೇಲೆ ಹೇರಿಕೊಂಡು ಬರುತ್ತಿದ್ದ. ಬಾಗಿಲ ಮುಂದೆ ನಿಂತು "ಊಟ ಆಯ್ತಾ?" ಎಂದು ಕೇಳಿ ಹೋಗುತ್ತಿದ್ದ. ಆಯ್ತು ಎನ್ನುತ್ತಿದ್ದೆ. ದುಃಖ ಇತ್ತೇ ಎಂದರೆ, ಇರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿ ನೋಡಿಕೊಂಡರೆ ಯಾರದೋ ಕೆನ್ನೆಯ ಹಾಗೆ ಇರುತ್ತದಲ್ಲ, ಅಷ್ಟೇ.

ಹುಳದ ಮನೆ ನಮ್ಮ ಮನೆಯ ಹಿಂದೆ, ಹತ್ತು ಹೆಜ್ಜೆ ಆಚೆ. ಸಿಮೆಂಟ್ ಶೀಟಿನ ಉದ್ದನೆಯ ಕಟ್ಟಡ, ನೊಣ ಬರದ ಹಾಗೆ ಕಿಟಕಿಗೆಲ್ಲ ಬಲೆ. ಒಳಗೆ ಅಂತಸ್ತು ಅಂತಸ್ತಾಗಿ ತಟ್ಟೆಗಳು. ನಾನು ಚಿಕ್ಕವಳಿದ್ದಾಗಿನಿಂದ ಅಲ್ಲಿ ಸೊಪ್ಪು ಹಾಕಿ ಬೆಳೆದವಳು. ಆದರೆ ಈ ಸಲ ಅವ್ವ ನನ್ನನ್ನು ಒಳಗೆ ಕರೆಯಲಿಲ್ಲ. ಮುಟ್ಟಾದವರು, ಹೆತ್ತವರು, ಹೊಟ್ಟೆ ಇಳಿದವರು ಹುಳದ ಮನೆಗೆ ಹೋಗಬಾರದೆಂಬುದು ನಮ್ಮ ಕಡೆ ಇನ್ನೂ ಇದೆ. ಹೋದರೆ ಹುಳಕ್ಕೆ ರೋಗ ಬೀಳುತ್ತದೆ ಎನ್ನುತ್ತಾರೆ. ನಾನು ಕೇಳಲೂ ಇಲ್ಲ. ಅವ್ವ ಒಳಗೆ ಹೋಗುವಾಗ ಬಾಗಿಲಲ್ಲಿ ಕಾಲು ತೊಳೆದು, ಬ್ಲೀಚಿಂಗ್ ಪೌಡರ್ ತುಳಿದು, ನನ್ನ ಕಡೆ ಒಮ್ಮೆ ತಿರುಗಿ ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹುಳ ತನ್ನ ಆಯಸ್ಸಿನಲ್ಲಿ ನಾಲ್ಕು ಸಲ ಚರ್ಮ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರ ಬಂದ ಹುಳ ತಿನ್ನುವುದಿಲ್ಲ, ಹರಿಯುವುದಿಲ್ಲ, ತಲೆ ಸ್ವಲ್ಪ ಎತ್ತಿಕೊಂಡು ಇದ್ದಲ್ಲೇ ಕೂತುಬಿಡುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಮೇಲೆ ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡಬೇಕು. ನೋಡಿದವರಿಗೆ ಸತ್ತ ಹಾಗೆ ಕಾಣುತ್ತದೆ. ಆದರೆ ಆ ಚರ್ಮದ ಕೆಳಗೆ ಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತಿರುತ್ತವೆ, ಹೊಸ ಚರ್ಮ ಹೆಣೆಯುತ್ತಿರುತ್ತವೆ. ರೇಷ್ಮೆ ಬರುವ ಗ್ರಂಥಿಯದೇ ಬೇರೆ ಕಥೆ. ಅದರ ಕೋಶಗಳು ಹುಳ ಮೊಟ್ಟೆಯಿಂದ ಹೊರಬರುವ ಮೊದಲೇ ವಿಭಜನೆ ನಿಲ್ಲಿಸಿರುತ್ತವೆ. ಆಮೇಲೆ ಹುಳ ಎಷ್ಟು ಬೆಳೆದರೂ ಅಲ್ಲಿ ಹೊಸ ಕೋಶ ಬರುವುದಿಲ್ಲ, ಇದ್ದವೇ ದೊಡ್ಡದಾಗುತ್ತವೆ. ಇದನ್ನೆಲ್ಲ ನಾನು ಎಂಎಸ್ಸಿಯಲ್ಲಿ ಓದಿದ್ದೆ. ಅವ್ವನಿಗೆ ಎಂದೂ ಹೇಳಿರಲಿಲ್ಲ.

ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ಯಜಮಾನರ ಫೋನು ಬಂತು. ಪರೀಕ್ಷೆಯ ಫಲಿತಾಂಶ ಬಂದಿದೆ, ಡಾಕ್ಟರು ನಾಳೆ ಬರಹೇಳಿದ್ದಾರೆ ಎಂದರು.

"ನಾನೂ ಬತ್ತೀನಿ," ಎಂದಳು ಅವ್ವ. "ನಾಳಿಕ್ಕೆ ಉಳುಕ್ಕೆ ಸೊಪ್ಪಿಲ್ಲ. ನಿಮ್ಮಪ್ಪ ನೋಡ್ಕತ್ತಾನೆ."

ಆ ಒಂದು ದಿನವಷ್ಟೇ ಅವಳಿಗೆ ಬಿಡುವು.

ಡಾಕ್ಟರಮ್ಮ ಒಳ್ಳೆಯವರು. ನಮ್ಮ ಮೂವರಿಗೂ ಕುರ್ಚಿ ಹಾಕಿಸಿದರು. ನಾನು ಬಯಾಲಜಿ ಲೆಕ್ಚರರ್ ಎಂಬುದು ಅವರಿಗೆ ನೆನಪಿತ್ತು.

"ನಿಮಗೆ ನಾನು ಜಾಸ್ತಿ ಬಿಡಿಸಿ ಹೇಳೋದು ಬೇಕಾಗಿಲ್ಲ," ಎಂದರು. "ಹದಿನಾರನೇ ಕ್ರೋಮೋಸೋಮ್ ಎರಡಿರೋ ಕಡೆ ಮೂರಿದೆ. ಮಿಯಾಸಿಸ್‌ನಲ್ಲಿ ಸರಿಯಾಗಿ ಬೇರೆ ಆಗಿಲ್ಲ. ಸಾಮಾನ್ಯವಾಗಿ ಇದು ಮೊಟ್ಟೆ ಕಡೆಯಿಂದಲೇ ಆಗೋದು. ಹಾಗಾದಾಗ ಭ್ರೂಣ ಪೂರ್ತಿ ಬೆಳೆಯೋಕೆ ಸಾಧ್ಯಾನೇ ಇಲ್ಲ. ನೀವು ಏನು ಮಾಡಿದ್ರೂ, ಏನು ಮಾಡದಿದ್ರೂ ಅಷ್ಟೇ. ಗೊತ್ತಲ್ಲ?"

"ಗೊತ್ತು ಡಾಕ್ಟರ್."

"ಮುಂದಿನ ಸಲವೂ ಹೀಗೇ ಆಗಬೇಕು ಅಂತೇನಿಲ್ಲ."

ತಲೆಯಾಡಿಸಿದೆ. ನಾನು ತಲೆಯಾಡಿಸಿದ್ದನ್ನು ನೋಡಿ ಪಕ್ಕದಲ್ಲಿದ್ದ ಯಜಮಾನರೂ ತಲೆಯಾಡಿಸಿದರು. ಅವ್ವ ಮೇಜಿನ ಮೇಲಿದ್ದ ಗಾಜಿನ ಗುಂಡನ್ನೇ ನೋಡುತ್ತಾ ಕೂತಿದ್ದಳು. ಐದು ನಿಮಿಷಕ್ಕೆಲ್ಲ ಮುಗಿಯಿತು. ಅವರಿಗೆ ಅರಕಲಗೂಡಿನಲ್ಲಿ ಕೆಲಸವಿತ್ತು, ನಮ್ಮನ್ನು ಚನ್ನರಾಯಪಟ್ಟಣದ ಬಸ್ಸಿಗೆ ಹತ್ತಿಸಿ ಹೋದರು.

ಬಸ್ಸು ಹಾಸನ ಬಿಟ್ಟಿತು. ಅವ್ವ ಕೇಳಿದಳು, "ಏನಂದ್ರು ಮಗ ಅವ್ರು? ನಂಗೊಂದೂ ಗೊತ್ತಾಗ್ನಿಲ್ಲ."

ಪಾಠ ಮಾಡುವವಳಿಗೆ ಅದೊಂದು ಅನುಕೂಲ. ಹೇಳುವುದು ಕಷ್ಟವಾಗಲಿಲ್ಲ. ಮೈಯಲ್ಲಿರುವ ಎಲ್ಲ ಕೋಶದಲ್ಲೂ ವರ್ಣತಂತುಗಳು ಜೋಡಿಯಾಗಿ ಇರುತ್ತವೆ ಎಂದೆ, ಅಪ್ಪನದೊಂದು, ಅವ್ವನದೊಂದು. ಗಾಯ ಮಾಯುವಾಗ, ಮೈ ಬೆಳೆಯುವಾಗ ಕೋಶ ಒಡೆದು ಎರಡಾದರೆ ಎರಡರಲ್ಲೂ ಮೊದಲಿನಷ್ಟೇ ಇರುತ್ತವೆ. ಮೊಟ್ಟೆ ಆಗುವಾಗ ಮಾತ್ರ ಹಾಗಲ್ಲ. ಜೋಡಿ ಮುರಿದು ಒಂದೊಂದೇ ಉಳಿಯಬೇಕು. ಗಂಡಿನಿಂದ ಬರುವ ಒಂದು ಸೇರಿದರೆ ಮತ್ತೆ ಜೋಡಿ ಆಗಬೇಕಲ್ಲ, ಅದಕ್ಕೆ. ಇಲ್ಲಿ ಒಂದು ಜೋಡಿ ಮುರಿಯಲಿಲ್ಲ. ಎರಡೂ ಒಂದೇ ಮೊಟ್ಟೆಯಲ್ಲಿ ಉಳಿದುಬಿಟ್ಟವು.

"ಯಾಕ್ ಮುರೀನಿಲ್ಲ?"

"ಬಹಳ ವರ್ಷ ಹಾಗೇ ಹಿಡಿದುಕೊಂಡು ಕೂತಿರ್ತವೆ ಅವ್ವ. ಹೆಂಗಸರಿಗೆ ಮೊಟ್ಟೆ ಅನ್ನೋದು ದೊಡ್ಡವಳಾದ ಮೇಲೆ ಆಗೋದಲ್ಲ. ನಾನು ನಿನ್ನ ಹೊಟ್ಟೇಲಿದ್ದಾಗಲೇ ನನ್ನೊಳಗೆ ಎಲ್ಲ ಮೊಟ್ಟೆನೂ ಆಗಿದ್ವು. ಆಗಲೇ ಒಡೆಯೋಕೆ ಶುರುಮಾಡಿ, ಅರ್ಧಕ್ಕೆ ನಿಂತಿದ್ವು. ಈಗ ತಿಂಗಳು ತಿಂಗಳು ಒಂದೊಂದು ಎದ್ದು ಆ ಕೆಲಸ ಮುಂದುವರಿಸ್ತವೆ."

ಅವ್ವ ನನ್ನ ಕಡೆ ತಿರುಗಿದಳು. "ಅಂಗಂದ್ರೆ ಈಗ ಓಯ್ತಲ್ಲ, ಅದ್ರ ಮೊಟ್ಟೆ?"

"ಅದೂ ಆಗ ಇತ್ತು."

"ನನ್ನೊಟ್ಟೆಲಿ?"

"ನಿನ್ನ ಹೊಟ್ಟೇಲಿದ್ದ ನನ್ನ ಹೊಟ್ಟೇಲಿ."

ಶಾಂತಿಗ್ರಾಮದಲ್ಲಿ ಬಸ್ಸು ನಿಂತಿತು. ಒಂದಿಬ್ಬರು ಹೆಂಗಸರು ಹತ್ತಿದರು, ಒಬ್ಬಳ ಕೈಯಲ್ಲಿ ಖಾಲಿ ಹಾಲಿನ ಕ್ಯಾನು. ಅದು ಸೀಟಿನ ಕಬ್ಬಿಣಕ್ಕೆ ತಾಗಿ ಸದ್ದಾಯಿತು. ಬಸ್ಸು ಮತ್ತೆ ಹೈವೇ ಹಿಡಿದು ವೇಗವಾದ ಮೇಲೆ ಅವ್ವ ಮೆಲ್ಲಗೆ, ಯಾರಿಗೂ ಹೇಳದವಳ ಹಾಗೆ ಹೇಳಿದಳು:

"ಅಂಗಾರೆ ನಾನೂ ಒತ್ತಿದ್ದೆ ಅನ್ನು ಅದ್ನ."

ಪಾಠದಲ್ಲಿ ಆ ಮಾತು ಬರುವುದಿಲ್ಲ. ಹೂಂ ಎಂದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಪಟ್ಟಣದಲ್ಲಿ ಇಳಿದು, ನುಗ್ಗೇಹಳ್ಳಿ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಅವಳು ಇನ್ನೊಂದು ಮಾತು ತೆಗೆದಳು.

"ನೀನು ಒಟ್ಟೆಲಿದ್ದಾಗ ಉಳದ್ ಮನೇಗೆ ಫಾರ್ಮಲಿನ್ ಒಡೀತಿದ್ದೆ ಕಣವ್ವ ನಾನು. ಮೂಗಿಗೆ ಸೆರಗ್ ಕಟ್ಕಂಡು. ಕಣ್ಣೆಲ್ಲಾ ಉರಿ. ಬ್ಯಾಡ ಅಂತ ಯೋಳೋರು ಯಾರಿದ್ರು ಆಗ? ಅದ್ಕೇನಾರ ಇಂಗಾಯ್ತಾ?"

"ಇಲ್ಲ ಅವ್ವ."

"ಸರ್ಯಾಗ್ ಯೋಚ್ನೆ ಮಾಡಿ ಯೋಳು. ನೀನು ಓದಿರೋಳು."

"ಇದು ಎಲ್ಲಾ ಕಡೆ ಆಗುತ್ತೆ. ಹುಳದ ಮನೇನೇ ನೋಡದವರಿಗೂ ಆಗುತ್ತೆ, ಡಾಕ್ಟರುಗಳಿಗೂ ಆಗುತ್ತೆ. ಯಾರೂ ಮಾಡೋದಲ್ಲ, ಯಾರೂ ತಪ್ಪಿಸೋಕೂ ಆಗಲ್ಲ."

ಅವಳು ನಂಬಿದಳೋ ಇಲ್ಲವೋ. ಸೆರಗಿನಿಂದ ಮೂಗು ಒರೆಸಿಕೊಂಡಳು. ಎದುರಿಗೆ ತೆಂಗಿನಕಾಯಿ ಮೂಟೆ ತುಂಬಿದ ಲಾರಿ ಹಿಂದಕ್ಕೆ ಬರುತ್ತಿತ್ತು, ಕ್ಲೀನರ್ ಅದರ ಬದಿಗೆ ಬಡಿಯುತ್ತಾ "ಬಾ ಬಾ ಬಾ" ಎನ್ನುತ್ತಿದ್ದ. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು. ನಾನು ಅವ್ವನ ಕೈ ಹಿಡಿದುಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅದು ಹೊಳೆಯಲೂ ಇಲ್ಲ.

ಮರುದಿನ ಹುಳ ಜ್ವರದಿಂದ ಎದ್ದವು. ಎದ್ದ ಹುಳಕ್ಕೆ ಹಸಿವು ಹೇಳತೀರದು. ಕೊನೆಯ ಆ ಒಂದು ವಾರದಲ್ಲೇ ಅವು ಜೀವಮಾನದ ಮುಕ್ಕಾಲು ಪಾಲು ಊಟ ಮಾಡುವುದು. ಬರಬೇಕಿದ್ದ ಆಳು ಹೆಂಗಸು ಬರಲಿಲ್ಲ. ಅವಳ ನಾದಿನಿಯ ಮದುವೆಯಂತೆ. ಅಪ್ಪ ಕೊಂಬೆ ಕೊಯ್ದು ತಂದು ಹಾಕುತ್ತಲೇ ಇದ್ದ. ಅವ್ವ ಒಬ್ಬಳೇ ಒಳಗೆ ಹೊರಗೆ ಓಡಾಡಿ ಸುಸ್ತಾಗಿ ಜಗಲಿಯ ಮೇಲೆ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಬಾ," ಎಂದಳು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಉಳದ್ ಮನೇಗೆ. ಕಾಲ್ ತೊಳ್ಕಂಡ್ ಬಾ."

ಪಕ್ಕದ ಮನೆಯಲ್ಲಿ ದೊಡ್ಡಮ್ಮ ಇದ್ದರು, ನಮ್ಮ ದೊಡ್ಡಪ್ಪನ ಹೆಂಡತಿ. ಅವರು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರು ನಾನು ಕಾಲು ತೊಳೆಯುವುದನ್ನು ಕಂಡು ಬೇಲಿಯ ಹತ್ತಿರ ಬಂದರು.

"ಲೇ, ಅವುಳ್ನ ಒಳೀಕ್ ಬುಡ್ತಿದ್ದೀಯಾ? ಇನ್ನೂ ಮೈಲ್ಗೆ ಕಣೇ. ಇಷ್ಟ್ ದಿನ ಸಾಕಿದ್ ಉಳ."

ಅವ್ವ ಬಾಗಿಲ ಚಿಲಕ ಹಿಡಿದುಕೊಂಡೇ ಹೇಳಿದಳು. "ಅವ್ಳು ಮೈಲ್ಗೆ ಆದ್ರೆ ನಾನೂ ಮೈಲ್ಗೆನೇ ಕಣಕ್ಕ. ಆ ಕೂಸಿನ್ ಮೊಟ್ಟೆ ನನ್ನೊಟ್ಟೆಲೇ ಆಗಿದ್ದಂತೆ. ನಾನೂ ಒರಗ್ ನಿಂತ್ಕಬೇಕಾಯ್ತದೆ. ಸೊಪ್ಪು ನೀನ್ ಬಂದ್ ಆಕ್ತೀಯಾ?"

ದೊಡ್ಡಮ್ಮನಿಗೆ ಅದು ಅರ್ಥವಾಗಿರಲಾರದು. "ನಿನ್ನಿಷ್ಟ ಕಣವ್ವ" ಎಂದು ಬಕೆಟ್ ಎತ್ತಿಕೊಂಡು ಹೋದರು. ಅವ್ವ ನನ್ನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದಳು.

ಆಮೇಲಿನ ದಿನಗಳೆಲ್ಲ ಅಲ್ಲಿಯೇ. ಬೆಳಿಗ್ಗೆ ಕೊಂಬೆ ಹರಡುವುದು, ಮಧ್ಯಾಹ್ನ ಹರಡುವುದು, ಸಂಜೆ ಹರಡುವುದು. ಬಲೆಯ ಕಿಟಕಿಯಿಂದ ಬರುವ ಬೆಳಕು, ಹಸಿ ಸೊಪ್ಪಿನ ವಾಸನೆ, ಸುತ್ತ ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಸಣ್ಣ ಸದ್ದು. ಕೆಲಸ ಕೈ ಮಾಡುತ್ತಿತ್ತು. ನನಗೆ ಹಿತವಾಗಿತ್ತೆಂದು ಹೇಳಲಾರೆ. ಬೇಡವೆಂದೂ ಇರಲಿಲ್ಲ.

ಒಮ್ಮೆ ಅವ್ವ ಕೇಳಿದಳು, "ಉಳುಕ್ಕೂ ಅಂಗೇನಾ? ಮೊಟ್ಟೆ ಒಳಗೇ ಮೊಟ್ಟೆ?"

ಅದಕ್ಕೆ ಬೇರೆ ಥರ ಎಂದೆ. ಹುಳ ಹೊಟ್ಟೆಯಲ್ಲಿ ಹೊರುವುದಿಲ್ಲ. ಚಿಟ್ಟೆಯಾದ ಮೇಲೆ ಅದಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲ. ಹುಳವಾಗಿದ್ದಾಗ ತಿಂದದ್ದರಲ್ಲೇ ಮೊಟ್ಟೆ ಇಟ್ಟು ಸಾಯುತ್ತದೆ. ತನ್ನ ಮರಿಯನ್ನು ಅದು ನೋಡುವುದೇ ಇಲ್ಲ.

"ನಾವೂ ಚಿಟ್ಟೆ ನೋಡಿರಾದು ಅಷ್ಟಕ್ಕಷ್ಟೆ," ಎಂದಳು ಅವ್ವ. ನಿಜ. ಎರಡು ಜ್ವರ ಎದ್ದ ಹುಳ ಬೇರೆ ಕಡೆಯಿಂದ ನಮ್ಮ ಮನೆಗೆ ಬರುತ್ತದೆ, ಗೂಡಾದ ಮೇಲೆ ಮಾರ್ಕೆಟ್ಟಿಗೆ ಹೋಗುತ್ತದೆ. ಅದರ ಹಿಂದುಮುಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹುಳ ಹಣ್ಣಾದವು. ಮೈ ಹಳದಿಗಟ್ಟಿ, ಬೆಳಕಿಗೆ ಹಿಡಿದರೆ ಒಳಗಿನ ರೇಷ್ಮೆ ಕಾಣುವಂತಾದ ಹುಳಗಳನ್ನು ಆರಿಸಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಬೆರಳ ಮೇಲೆ ತಣ್ಣಗೆ ಹರಿಯುತ್ತಿದ್ದವು. ಒಂದಷ್ಟು ರೋಗ ಬಿದ್ದು ಸತ್ತವು, ಪ್ರತಿ ಸಲವೂ ಸಾಯುವಷ್ಟೇ. ದೊಡ್ಡಮ್ಮ ಬೇಲಿಯಿಂದ ಕೇಳಿದರು, "ಎಂಗಾಯ್ತು ಬೆಳೆ?" ಅವ್ವ ಹೇಳಿದಳು, "ಯಾವಾಗಿನಂಗೇ ಕಣಕ್ಕ." ಗೂಡು ಬಿಡಿಸುವ ಹೊತ್ತಿಗೆ ನನ್ನ ರಜೆ ಮುಗಿದಿತ್ತು.

ಕಾಲೇಜಿಗೆ ಹೋದಾಗ ಸಹೋದ್ಯೋಗಿಗಳು ಹುಷಾರಾದ್ರಾ ಎಂದು ಕೇಳಿದರು. ಹುಷಾರಾಗಿದ್ದೇನೆ ಎಂದೆ. ನಾನಿಲ್ಲದಾಗ ನನ್ನ ತರಗತಿಗಳನ್ನು ನೋಡಿಕೊಂಡವರು ಒಂದು ಪಾಠ ಮಾತ್ರ ನನಗೇ ಬಿಟ್ಟಿದ್ದರು. ಪ್ರಥಮ ಪಿಯು ಮಕ್ಕಳಿಗೆ ಕೋಶ ವಿಭಜನೆ. ಬೇಕೆಂದು ಬಿಟ್ಟದ್ದಲ್ಲ, ಅದರ ಚಿತ್ರಗಳನ್ನು ಬೋರ್ಡಿನ ಮೇಲೆ ನಾನು ಚೆನ್ನಾಗಿ ಬಿಡಿಸುತ್ತೇನೆ ಎಂದು ಬಿಟ್ಟದ್ದು.

ಬಿಡಿಸಿದೆ. ಬಣ್ಣದ ಸೀಮೆಸುಣ್ಣದಲ್ಲಿ ಜೋಡಿಗಳನ್ನು ಕೆಂಪು ನೀಲಿ ಮಾಡಿದೆ. ನಡುವೆ ಸಾಲಾಗಿ ನಿಲ್ಲುವುದು, ಎಳೆಗಳು ಎರಡು ಕಡೆ ಎಳೆಯುವುದು, ದೂರ ಸರಿಯುವುದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು.

"ಮೇಡಂ, ಎಳೆಯುವಾಗ ಒಂದು ಜೋಡಿ ಬಿಡದೇ ಹೋದ್ರೆ?"

"ಒಂದು ಕೋಶಕ್ಕೆ ಎರಡೂ ಹೋಗುತ್ತೆ, ಇನ್ನೊಂದಕ್ಕೆ ಹೋಗಲ್ಲ."

"ಆಮೇಲೆ?"

"ಬಹಳ ಸಲ ಅಲ್ಲಿಗೇ ನಿಲ್ಲುತ್ತೆ. ಕೆಲವು ಸಲ ಮಗು ಹುಟ್ಟುತ್ತೆ, ಬೇರೆ ಥರ ಬೆಳೆಯುತ್ತೆ. ಅದು ಮುಂದಿನ ವರ್ಷದ ಪಾಠ." ಅದರ ಇಂಗ್ಲಿಷ್ ಹೆಸರನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದೆ. ಮಕ್ಕಳು ಬರೆದುಕೊಂಡರು. ನಾನು ಬೋರ್ಡು ಒರೆಸಿದೆ.

ಆ ವಾರ ಪ್ರಾಕ್ಟಿಕಲ್. ಲೋಟದ ಬಾಯಿಗೆ ಈರುಳ್ಳಿ ಕೂರಿಸಿ ಬೇರು ಬರಿಸಿದ್ದೆವು. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಇಟ್ಟು ಪೆನ್ಸಿಲ್ ಹಿಂಬದಿಯಿಂದ ತಟ್ಟಿ ಹರಡಬೇಕು. ಹೆಚ್ಚಿನವರ ಗಾಜಿನಲ್ಲಿ ಬರೀ ಗಸಿ ಕಾಣುತ್ತದೆ. ಕೈಯೆತ್ತಿದ್ದ ಅದೇ ಹುಡುಗಿ "ಮೇಡಂ, ಸಿಕ್ತು ಮೇಡಂ!" ಎಂದು ಕೂಗಿದಳು. ಹೋಗಿ ಬಗ್ಗಿ ನೋಡಿದೆ. ಒಂದು ಕೋಶದಲ್ಲಿ ಎರಡು ಗುಂಪು ಕೆಂಪು ಎಳೆಗಳು ಎರಡು ಕಡೆಗೆ ಸರಿಯುತ್ತಿದ್ದ ಹಾಗೆಯೇ ನಿಂತಿದ್ದವು. ಎಲ್ಲವೂ ಬಿಡಿಸಿಕೊಂಡಿದ್ದವು, ಯಾವುದೂ ನಡುವೆ ಉಳಿದಿರಲಿಲ್ಲ. ಬಹಳ ಹೊತ್ತು ನೋಡಿದೆನೆಂದು ಕಾಣುತ್ತದೆ. ಹಿಂದೆ ಮಕ್ಕಳು ಸಾಲು ನಿಂತಿದ್ದರು.

"ಸರಿಯಾಗಿದೆಯಾ ಮೇಡಂ?"

"ಸರಿಯಾಗಿದೆ," ಎಂದು ಪಕ್ಕಕ್ಕೆ ಸರಿದೆ.

ಸ್ವಲ್ಪ ದಿನದ ಮೇಲೆ ಯಜಮಾನರ ಕಚೇರಿಯವರೊಬ್ಬರ ಮಗುವಿಗೆ ಅರಕಲಗೂಡಿನಲ್ಲಿ ನಾಮಕರಣ. ಹೋಗದಿದ್ದರೂ ನಡೆಯುತ್ತಿತ್ತು. ಅವರು "ನಿನಗೆ ಬೇಡ ಅಂದ್ರೆ ಬೇಡ" ಎಂದರು. ನಾನೇ ಹೋಗೋಣ ಎಂದೆ. ಮಗುವನ್ನು ಯಾರೋ ನನ್ನ ಮಡಿಲಿಗೆ ಹಾಕಿದರು. ಎತ್ತಿಕೊಂಡೆ. ತೂಕ ಇತ್ತು, ಬಿಸಿ ಇತ್ತು, ಬೇಬಿ ಪೌಡರಿನ ವಾಸನೆ ಇತ್ತು. ಇನ್ನೊಬ್ಬರು ಕೇಳಿದಾಗ ಕೊಟ್ಟೆ. ಊಟಕ್ಕೆ ಕೂತೆವು, ಹೋಳಿಗೆ ಹಾಕಿದರು, ತಿಂದೆ. ಅವರು ಎಲೆಯ ಮುಂದೆ ಕೂತವರು ಅರ್ಧಕ್ಕೇ ಎದ್ದು ಕೈ ತೊಳೆಯಲು ಹೋಗಿದ್ದರು.

ವಾಪಸು ಬರುವಾಗ ಬೈಕನ್ನು ಹೊಳೆಯ ಹತ್ತಿರ ನಿಲ್ಲಿಸಿದರು. ಇಳಿದು ಹೋಗಿ ಒಂದು ಮೋಟು ಗೋಡೆಯ ಮೇಲೆ ಕೂತೆವು. ನೀರು ಅಷ್ಟೇನೂ ಇರಲಿಲ್ಲ. ಗೋಡೆಯ ತೇವದ ಕಡೆಯೆಲ್ಲ ಪಾಚಿ ಬೆಳೆದಿತ್ತು, ಬೂದು ಬೆರೆತ ಹಸಿರು, ಮೇಲೆ ಸಣ್ಣ ಸಣ್ಣ ಕಡ್ಡಿಗಳು.

"ಇದಕ್ಕೂ ಅದೆಲ್ಲ ಇರುತ್ತಾ?" ಎಂದರು, ಗೋಡೆ ಕೆರೆಯುತ್ತಾ.

"ಯಾವುದೆಲ್ಲ?"

"ಅದೇ, ಜೋಡಿ. ಡಾಕ್ಟರು ಹೇಳಿದ್ದು."

ಅವರು ಆ ಮಾತು ಎತ್ತಿದ್ದು ಅದೇ ಮೊದಲು. ನಾನು ಹೇಳಿದೆ. ಈ ಹಸಿರು ಮೈಯಲ್ಲಿ ಜೋಡಿ ಇರುವುದಿಲ್ಲ, ಒಂದೊಂದೇ ಇರುತ್ತದೆ. ಅರ್ಧವನ್ನಿಟ್ಟುಕೊಂಡೇ ಇದು ಇಡೀ ಬದುಕು ಬದುಕುತ್ತದೆ. ಮೇಲೆ ಕಾಣುವ ಈ ಕಡ್ಡಿ ಇದೆಯಲ್ಲ, ಅದರಲ್ಲಿ ಮಾತ್ರ ಜೋಡಿ. ನಮ್ಮದು ತಿರುಗಾಮುರುಗಾ. ಇಡೀ ಮೈ ಜೋಡಿ, ಮೊಟ್ಟೆ ಮಾತ್ರ ಅರ್ಧ.

ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದರು, "ಅವತ್ತು ಆಸ್ಪತ್ರೇಲಿ ನನಗೇನೂ ಅರ್ಥ ಆಗಲಿಲ್ಲ. ನೀನು ತಲೆ ಆಡಿಸ್ತಿದ್ದೆ. ಅದಕ್ಕೆ ನಾನೂ ಆಡಿಸಿದೆ."

"ಕೇಳಬೇಕಾಗಿತ್ತು ನೀವು."

"ನೀನು ಹೇಳೋ ಥರ ಇರಲಿಲ್ಲ."

ಅದು ನಿಜ. ಅವ್ವನಿಗೆ ಬಸ್ಸಿನಲ್ಲಿ ಹೇಳಿದ್ದೆ, ದೊಡ್ಡಮ್ಮನಿಗೂ ಬೇಲಿಯ ಮೇಲಿಂದ ಸುದ್ದಿ ಹೋಗಿತ್ತು, ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಇವರಿಗೆ ಹೇಳಿರಲಿಲ್ಲ. ಒಂದು ಕಲ್ಲಿನ ಚೂರು ತೆಗೆದುಕೊಂಡು ಗೋಡೆಯ ಒಣ ಕಡೆ ಗೀಚಿ ಮೊದಲಿನಿಂದ ತೋರಿಸಿದೆ. ಅವರು ಅಳತೆಯವರು, ಗೆರೆ ಎಳೆದರೆ ಬೇಗ ಹಿಡಿಯುತ್ತಾರೆ. ಮುರಿಯದೆ ಉಳಿದ ಜೋಡಿಯ ಮೇಲೆ ಬೆರಳಿಟ್ಟು ಕೇಳಿದರು:

"ಇಷ್ಟೇನಾ?"

"ಇಷ್ಟೇ."

"ಬೈಕಲ್ಲಿ ಕರ್ಕೊಂಡು ಹೋಗ್ತಿದ್ದೆನಲ್ಲ ದಿನಾ ಕಾಲೇಜಿಗೆ. ಆ ರಸ್ತೇಲಿ ಗುಂಡಿ."

"ಅದಕ್ಕಲ್ಲ ರೀ."

"ಅಲ್ವಾ?"

"ಅಲ್ಲ. ಆ ಬೈಕು ಹತ್ತೋ ಮೊದಲೇ ಆಗಿಹೋಗಿತ್ತು."

ಅವರು ಅತ್ತರು. ದನಿ ಮಾಡದೆ, ಭುಜ ಮಾತ್ರ ಅಲುಗುತ್ತಾ. ಇಷ್ಟು ದಿನ ಆ ಗುಂಡಿಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಅದೇ ರಸ್ತೆಯಲ್ಲಿ ಓಡಾಡುತ್ತಿದ್ದರು. ನಾನು ಬೆನ್ನಿನ ಮೇಲೆ ಕೈ ಇಟ್ಟೆ. ನನಗೆ ಅಳು ಬರಲಿಲ್ಲ. ಆದರೆ ಅಂಗಿಯೊಳಗಿನ ಅವರ ಬೆನ್ನು ಬೆವತಿದೆ, ಬಿಸಿಯಾಗಿದೆ ಎಂಬುದು ಅಂಗೈಗೆ ಗೊತ್ತಾಗುತ್ತಿತ್ತು. ಅಲ್ಲಿಯವರೆಗೆ ಅಷ್ಟೂ ಗೊತ್ತಾಗುತ್ತಿರಲಿಲ್ಲ.

ಹೊಳೆಗೆ ಇಳಿದು ಮುಖ ತೊಳೆದುಕೊಂಡು ಬಂದರು. ಕರ್ಚೀಫು ಸಿಗಲಿಲ್ಲ, ನನ್ನ ಸೆರಗು ಕೊಟ್ಟೆ.

"ಹಾಲು ಇದೆಯಾ ಮನೇಲಿ?" ಎಂದರು.

"ಇಲ್ಲ. ದಾರೀಲಿ ತಗೋಬೇಕು."

ಬೈಕ್ ಸ್ಟಾರ್ಟ್ ಮಾಡಿದರು. ನಾನು ಹಿಂದೆ ಹತ್ತಿ ಕೂತೆ.